ಹೈಡ್ರೋಜನ್ ಮೊದಲು, ಬ್ಲ್ಯಾಂಕ್ ಆಮೇಲೆ

ಮೇಡಮ್ ತೀರಿಕೊಂಡ ಸುದ್ದಿಯನ್ನು ಅವರ ಅಕ್ಕ ನನಗೆ ಫೋನಿನಲ್ಲಿ ಬಯ್ಯುತ್ತಲೇ ಹೇಳಿದರು. ಅಳು ಆಮೇಲೆ ಬಂತು.

"ಹೋದಳು ನೋಡ್ರಿ ನಿಮ್ಮ ಮೇಡಮ್. ಎದಿ ಹಿಡದಂಗ ಆಗ್ಲಿಕತ್ತದ ಅಂತ ಮುಂಜಾನಿ ಅಂದಳು. ನಡಿ ದವಾಖಾನಿಗಿ ಅಂದೆ. 'ಎದಿನೋ ಹೊಟ್ಟಿ ಉಬ್ಬರನೋ ಇನ್ನಾ ಗೊತ್ತಾಗವಲ್ದು, ಸಂಜಿತನ ನೋಡಮು' ಅಂದಳು. ಏನ್ ನೋಡಿದಳ್ರಿ? ಕುಂತು ಕುಂತು ಏನ್ ನೋಡಿದಳು?"

ನಾನು ವಾಡಿಯಲ್ಲಿ ನನ್ನ ಅಡುಗೆಮನೆಯಲ್ಲಿ ನಿಂತಿದ್ದೆ. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಅಕ್ಕ ಮತ್ತೆ ಕೇಳಿದರು: "ಜಲ್ದಿ ಒಯ್ದಿದ್ರ ಉಳೀತಿದ್ದಳೋ ಇಲ್ಲೋ? ಆಕಿ ಸಂಗಟ ಇಷ್ಟ್ ವರ್ಷ ಇದ್ದವರು ನೀವು. ಹೇಳ್ರಿ."

ಉಳಿಯುತ್ತಿದ್ದರು ಎಂದಿದ್ದರೆ ಅಕ್ಕನಿಗೆ ಬಯ್ಯಲು ಒಂದು ಕಾರಣ ಸಿಗುತ್ತಿತ್ತು. ಇಲ್ಲ ಎಂದಿದ್ದರೆ ಸಮಾಧಾನ ಸಿಗುತ್ತಿತ್ತು. "ಗೊತ್ತಿಲ್ಲಕ್ಕಾ" ಅಂದೆ. ಆಗ ಅವರು ಅಳತೊಡಗಿದರು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ತಮ್ಮ ಎದೆನೋವನ್ನೂ ಸಂಜೆಯವರೆಗೆ ಕಾದು ನೋಡಲು ಹೊರಟ ಮೇಡಮ್ಮರ ಮೇಲೆ.

ಶಹಾಬಾದಿನಲ್ಲಿ ಮಣ್ಣು ಮುಗಿಯಿತು. ಆಮೇಲೆ ಸೇಡಂನ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಬಾಹ್ಯಾಕಾಶದಲ್ಲಿ ಅಮೋನಿಯಾ ಹೇಗೆ ಹುಟ್ಟುತ್ತದೆ ಎಂಬುದನ್ನು ಕಂಡುಹಿಡಿದ ಮಹಾತಾಯಿ ಎಂದು ಒಬ್ಬರು ಹೇಳಿದರು. ಒಬ್ಬರ ಮೇಲೂ ಸಿಟ್ಟು ಮಾಡಿದವರಲ್ಲ ಎಂದು ಇನ್ನೊಬ್ಬರು ಹೇಳಿದರು. ಎರಡೂ ಸುಳ್ಳು. ಮೊದಲನೆಯದನ್ನು ಅವರು ಬದುಕಿದ್ದಾಗಲೇ, ಅದೇ ಸಭಾಂಗಣದಲ್ಲೇ, ಮೈಕಿನ ಮುಂದೆ ನಿಂತು ಅಲ್ಲಗಳೆದಿದ್ದರು. ಎರಡನೆಯದಕ್ಕೆ ನಾನೇ ಸಾಕ್ಷಿ. ಅಂದು ನನ್ನನ್ನೂ ಮಾತಾಡಲು ಕರೆದರು. ನಾನು ಕೈಮುಗಿದು ಕುಳಿತುಬಿಟ್ಟೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ, ಕಂಡಷ್ಟನ್ನು. ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಓದುವವರು ಒಂದು ಫೋಟೊ ನೆನೆದು, ಅದಕ್ಕೊಂದು ಹಾರ ಹಾಕಿ ಮುಗಿಸಿಬಿಡುತ್ತಾರೆ.

ಮೇಡಮ್ ರಸಾಯನಶಾಸ್ತ್ರದ ಪ್ರಾಧ್ಯಾಪಕಿ. ಹುಟ್ಟಿದ್ದು ಚಿತ್ತಾಪುರ ಕಡೆಯ ಹಳ್ಳಿಯೊಂದರ ಬೌದ್ಧ ಮನೆತನದಲ್ಲಿ. ಮನೆ ಮಾಡಿಕೊಂಡದ್ದು ಶಹಾಬಾದಿನಲ್ಲಿ, ಕೆಲಸ ಸೇಡಂನಲ್ಲಿ. ಮದುವೆಯಾಗಿರಲಿಲ್ಲ. ಚಿಂಚೋಳಿಯಲ್ಲಿದ್ದ ಅಕ್ಕ, ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು, ಆಗಾಗ ಬಂದು ತಂಗಿಯ ಜೊತೆ ಇದ್ದು ಹೋಗುತ್ತಿದ್ದರು. ಹೋಗುವಾಗ ಪ್ರತಿ ಸಲ ಇನ್ನು ಬರುವುದಿಲ್ಲ ಎಂದು ಹೇಳಿ ಹೋಗುತ್ತಿದ್ದರು.

ನಾನು ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ವರ್ಷವರ್ಷವೂ ಹೊಸದಾಗಿ ಕರೆಸಿಕೊಳ್ಳಬೇಕು. ಕರೆಯದಿದ್ದರೆ ಯಾಕೆ ಎಂದು ಕೇಳುವಂತಿಲ್ಲ. ಕಾಯಂ ಆಗಬೇಕಾದರೆ ನೆಟ್ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. ನೆಟ್ ನನಗೆ ಆಗಲಿಲ್ಲ. ಪಿಎಚ್.ಡಿ.ಗೆ ಮೇಡಮ್ ಮಾರ್ಗದರ್ಶಕರಾದರು. ನಿನ್ನ ಅದೃಷ್ಟ ಅಂದರು ಎಲ್ಲರೂ. ಕಾಯಂ ನೌಕರಿಯ ವಯಸ್ಸಿನ ಮಿತಿ ನನಗೆ ಹತ್ತಿರ ಬರುತ್ತಿತ್ತು. ಅಂದರೆ ನನ್ನ ನೌಕರಿ ಪ್ರಬಂಧದ ಮೇಲೆ ನಿಂತಿತ್ತು, ಪ್ರಬಂಧ ಮೇಡಮ್ಮರ ಸಹಿಯ ಮೇಲೆ. ಅವರು ಯಾವುದಕ್ಕೂ ಸುಲಭವಾಗಿ ಸಹಿ ಹಾಕುವವರಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ವಾಡಿ ಸ್ಟೇಷನ್ನಿನಲ್ಲಿ ಚಹಾ ಮಾರುವವನಿಗೆ ತಿಳಿದಿತ್ತು. ಮೇಡಮ್ ಶಹಾಬಾದಿನಿಂದ ಬಂದು ಅಲ್ಲಿ ಗಾಡಿ ಬದಲಿಸುತ್ತಿದ್ದರು. ನಾನು ಅಲ್ಲೇ ಅವರನ್ನು ಕೂಡಿಕೊಳ್ಳುತ್ತಿದ್ದೆ. ಅವನು ಒಮ್ಮೆ ಚಹಾಕ್ಕೆ ಏನೋ ಹೊಸ ಮಸಾಲೆ ಹಾಕಿ, "ಮೇಡಮ್, ಹೆಂಗದರಿ ಇವತ್ತಿಂದು?" ಎಂದು ಕೇಳಿದ.

"ನಿನ್ನೆದಕಿಂತ ರುಚಿ ಹತ್ಲಿಕತ್ತದ. ಆದ್ರ ನಿನ್ನೆ ನಾ ಉಂಡು ಬಂದಿದ್ದೆ. ಇವತ್ತ ಹಸದೀನಿ."

"ಅದಕ ಏನಂತೀರಿ ಈಗ? ಮಸಾಲಿ ಇಡ್ಲೋ ಬಿಡ್ಲೋ?"

"ನಾಳೆ ಹಸದೇ ಬರ್ತೀನಿ, ಮಸಾಲಿ ಹಾಕಬ್ಯಾಡ. ಆಮ್ಯಾಲ ಹೇಳ್ತೀನಿ."

"ಏ ಅಮ್ಮಾ, ನಂದು ಚಾದ ಧಂದೆ. ಪರೀಕ್ಷಾ ಹಾಲ್ ಅಲ್ಲ. ಗಾಡಿ ಬಿಡ್ತದ, ಹತ್ರಿ!"

ಪಕ್ಕದ ಮನೆಯವರು ಮಗಳಿಗೆ ನೋಡಿದ ಹುಡುಗನ ಬಗ್ಗೆ ಮೇಡಮ್ಮರನ್ನು ಕೇಳಿದರು. ಅವನು ಇವರ ಹಳೆಯ ವಿದ್ಯಾರ್ಥಿ. "ನನ್ನ ಮುಂದ ಭಾಳ ಚೊಲೋ ಇದ್ದ. ನಾ ಇಲ್ಲದಾಗ ಹೆಂಗಿರ್ತಾನ, ಅದನ್ನ ನಾ ನೋಡಿಲ್ಲ" ಅಂದರು. ಹೊಗಳಿಕೆ ಎಂದೇ ಅಂದದ್ದು. ಸಂಬಂಧ ಮುರಿದುಬಿತ್ತು.

ಮೊಣಕಾಲ ನೋವಿಗೆ ಅಕ್ಕ ಕೊಡ್ಲಿ ಎಂಬ ಊರಿನಿಂದ ಒಂದು ಎಣ್ಣೆ ತರಿಸಿಕೊಟ್ಟರು. ಕೆಲವು ವಾರ ಕಳೆದ ಮೇಲೆ ಹೇಗಿದೆ ಎಂದು ಕೇಳಿದಾಗ, ಮೇಡಮ್ ಎಡಗಾಲಿಗೆ ಮಾತ್ರ ಹಚ್ಚುತ್ತಿರುವುದು ಬಯಲಾಯಿತು. ಅಕ್ಕನ ದನಿ ಓಣಿಗೆಲ್ಲ ಕೇಳುವಂತಿತ್ತು.

"ಬಲಗಾಲ ಏನ್ ಸವತಿ ಮಗಳಿಂದೇನು? ಅದಕ್ಯಾಕ ಹಚ್ಚಿಲ್ಲ?"

"ಎರಡಕ್ಕೂ ಹಚ್ಚಿದ್ರ, ಎಣ್ಣಿಲಿಂದ ಕಡಿಮಿ ಆಯ್ತೋ, ಚಳಿ ಹೋಗಿದ್ದಕ್ಕ ಕಡಿಮಿ ಆಯ್ತೋ, ಹೆಂಗ ಗೊತ್ತಾಗಬೇಕಕ್ಕಾ?"

"ಕಡಿಮಿ ಆದ್ರ ಸಾಕಾಗಲ್ಲೇನೇ ನಿನಗ? ಯಾತರಿಂದ ಅಂತ ಕೋರ್ಟಿಗಿ ಹೋಗಬೇಕೇನು?"

ಮೇಡಮ್ ಆಮೇಲೂ ಎಡಗಾಲಿಗಷ್ಟೇ ಹಚ್ಚಿದರು. ಬಲಗಾಲು ಸ್ವಲ್ಪ ಎಳೆದುಕೊಂಡೇ ಓಡಾಡುತ್ತಿದ್ದರು.

ಇನ್ನು ಅವರ ಕೆಲಸ. ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿಯಲ್ಲ. ಅಲ್ಲಿ ಬಹಳ ತೆಳ್ಳಗಿನ, ಬಹಳ ತಣ್ಣಗಿನ ಅನಿಲದ ಮೋಡಗಳಿವೆ. ಆ ಮೋಡಗಳಲ್ಲಿ ಅಮೋನಿಯಾ ಇದೆ ಎಂದು ದೂರದರ್ಶಕಗಳಿಂದ ಗೊತ್ತಾಗಿದೆ. ಅದು ಅಲ್ಲಿ ಹುಟ್ಟುವ ಒಂದು ದಾರಿ ಹೀಗೆ: ವಿದ್ಯುದಂಶ ಹೊತ್ತ ಸಾರಜನಕದ ಕಣ, ಅಂದರೆ ಅಯಾನು, ಹೈಡ್ರೋಜನ್ ಅಣುವಿಗೆ ಡಿಕ್ಕಿ ಹೊಡೆದಾಗಲೆಲ್ಲ ಅದರಿಂದ ಒಂದೊಂದು ಹೈಡ್ರೋಜನ್ ಕಿತ್ತುಕೊಂಡು ಬೆಳೆಯುತ್ತ ಹೋಗುತ್ತದೆ. ನಾಲ್ಕು ಸೇರಿದ ಮೇಲೆ ಎಲೆಕ್ಟ್ರಾನ್ ತಾಗಿ ಒಂದು ಉದುರಿದರೆ ಉಳಿಯುವುದೇ ಅಮೋನಿಯಾ. ಮೂರನೆಯದರವರೆಗೆ ಬೇಗ ಬೇಗ. ನಾಲ್ಕನೆಯದು ಮಾತ್ರ ತೀರಾ ನಿಧಾನ. ಸಾವಿರಾರು ಸಲ ಡಿಕ್ಕಿಯಾದರೂ ಕಿತ್ತುಕೊಳ್ಳುವುದು ಒಮ್ಮೆ. ಎಷ್ಟು ನಿಧಾನ ಎಂಬುದೇ ಪ್ರಶ್ನೆ. ಹೊರದೇಶಗಳಲ್ಲಿ ಇದನ್ನು ಮೊದಲೇ ಅಳೆದಿದ್ದರು. ಬೇರೆ ಯಂತ್ರದಲ್ಲಿ, ಬೇರೆ ಕೈಯಿಂದ ಮತ್ತೆ ಅಳೆದು, ಹೌದೋ ಅಲ್ಲವೋ ಹೇಳುವುದು ನಮ್ಮ ಕೆಲಸವಾಗಿತ್ತು.

ಹೈದರಾಬಾದಿನ ಸಂಸ್ಥೆಯೊಂದು ಹಳೆಯದಾಯಿತೆಂದು ಬಿಟ್ಟ ಯಂತ್ರವನ್ನು ಮೇಡಮ್ ಕೇಳಿ ಪಡೆದು, ಟೆಂಪೊದಲ್ಲಿ ತಾಂಡೂರಿನ ದಾರಿಯಿಂದ ತರಿಸಿದ್ದರು. ಸ್ಟೀಲಿನ ಒಂದು ಪೆಟ್ಟಿಗೆ. ಒಳಗಿನ ಗಾಳಿಯನ್ನೆಲ್ಲ ಪಂಪು ಹೀರಿ ತೆಗೆಯುತ್ತದೆ. ನಡುವೆ ನಾಲ್ಕು ಸಲಾಕೆಗಳ ನಡುವೆ ವಿದ್ಯುತ್ತಿನ ಬೋನು. ಅಮೋನಿಯಾದಿಂದ ಮಾಡಿದ, ಮೂರು ಹೈಡ್ರೋಜನ್ನಿನ ಅಯಾನುಗಳನ್ನು ಆ ಬೋನಿನಲ್ಲಿ ಕೂಡಿಹಾಕಿ, ಹೈಡ್ರೋಜನ್ ಬಿಟ್ಟು, ಕಾಯಬೇಕು. ಆಮೇಲೆ ಅಯಾನುಗಳನ್ನು ಹೊರಗೆ ಬಿಟ್ಟು ತೂಗಬೇಕು. ಹೈಡ್ರೋಜನ್ ಕಿತ್ತುಕೊಂಡವು ಅಷ್ಟು ಭಾರವಾಗಿರುತ್ತವೆ. ಹುಡುಗರು ಬಾಗಿಲಲ್ಲಿ ಇಣುಕಿ, "ಮೇಡಮ್, ಇವತ್ತರ ಇಲಿ ಬಿತ್ತೇನ್ರಿ ಬೋನಿನಾಗ?" ಎಂದು ಕೇಳುತ್ತಿದ್ದರು. "ಬಿದ್ದಾವಪ್ಪಾ. ಯಾರ ಮನಿ ಇಲಿ ಅಂತ ತಿಳಿವಲ್ದು" ಎಂದು ಮೇಡಮ್ ಹೇಳುತ್ತಿದ್ದರು.

ಅದು ಹಾಸ್ಯವಾಗಿರಲಿಲ್ಲ. ನಮ್ಮ ತೊಂದರೆಯೇ ಅದು. ಅಮೋನಿಯಾ ಸ್ಟೀಲಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಳ್ಳುತ್ತದೆ. ಹಾಗೆ ಬಿಟ್ಟುಕೊಂಡ ಅಮೋನಿಯಾದಿಂದಲೂ ನಮ್ಮ ಅಯಾನು ಹೈಡ್ರೋಜನ್ ಕಿತ್ತುಕೊಳ್ಳಬಲ್ಲದು, ಅದೂ ಬಹಳ ಬೇಗ. ಎರಡೂ ದಾರಿಯಿಂದ ಬಂದ ಅಯಾನು ಒಂದೇ, ತೂಕವೂ ಒಂದೇ. ಆದ್ದರಿಂದ ಹೈಡ್ರೋಜನ್ ಒಳಗೆ ಬಿಟ್ಟು ಒಮ್ಮೆ ಅಳೆಯಬೇಕು, ಬಿಡದೆ ಒಮ್ಮೆ ಅಳೆಯಬೇಕು. ಬಿಡದೆ ಅಳೆಯುವುದನ್ನು ನಾವು ಬ್ಲ್ಯಾಂಕ್ ಅನ್ನುತ್ತಿದ್ದೆವು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಹೈಡ್ರೋಜನ್ನಿನ ಪಾಲು. ಒಂದು ಸಲ ಬೇಸತ್ತು, "ಇವತ್ತ ಬ್ಲ್ಯಾಂಕ್ ಬಿಡಮು ಮೇಡಮ್, ನಿನ್ನೆದೇ ಇಟ್ಕೊಂಡ್ರಾಯ್ತು" ಅಂದೆ. ಅವರು ಸ್ಟೂಲಿನಿಂದ ಎದ್ದು ನಿಂತು, "ನಿನ್ನೆ ಉಂಡಿದ್ದಕ್ಕ ಇವತ್ತ ತೇಗ್ತೀ ಏನ?" ಎಂದು ಕೂಗಿದರು. ಸಿಟ್ಟೇ ಬರದವರು ಎಂದು ಸಭೆಯಲ್ಲಿ ಹೇಳಿದವರು ಆ ಕೋಣೆಗೆ ಒಮ್ಮೆಯೂ ಬಂದಿರಲಿಲ್ಲ.

ಹೈಡ್ರೋಜನ್ ಸಿಲಿಂಡರು ಪ್ರಯೋಗಾಲಯದ ಹೊರಗೆ, ವರಾಂಡದಲ್ಲಿ, ಜಾಲರಿಯೊಳಗೆ ಇತ್ತು. ಹೊತ್ತಿಕೊಳ್ಳುವ ಅನಿಲ. ಒಬ್ಬರು ಹೊರಗೆ ಸಿಲಿಂಡರಿನ ಬಳಿ ನಿಲ್ಲಬೇಕು, ಒಬ್ಬರು ಒಳಗೆ ಯಂತ್ರದ ಬಳಿ. ಮಧ್ಯಾಹ್ನ ಅದೇ ವರಾಂಡದಲ್ಲಿ ಹುಡುಗಿಯರು ಕುಳಿತು ಬುತ್ತಿ ಬಿಚ್ಚುತ್ತಿದ್ದರು, ಆಮೇಲೂ ಅಲ್ಲೇ ಕುಳಿತು ಓದುತ್ತಿದ್ದರು. ಅವರ ಪಕ್ಕದಲ್ಲಿ ಹೈಡ್ರೋಜನ್ ತೆರೆಯಬಾರದು ಎಂದು ಮೇಡಮ್ ಮೊದಲ ದಿನವೇ ಒಂದು ಕ್ರಮ ಹಾಕಿದರು. ಗಾಡಿ ಇಳಿದು ಬಂದ ಕೂಡಲೇ ಅಮೋನಿಯಾ ತುಂಬುವುದು, ಬುತ್ತಿಯ ಹೊತ್ತಿನೊಳಗೆ ಹೈಡ್ರೋಜನ್ ಮುಗಿಸುವುದು, ಬುತ್ತಿಯಾದ ಮೇಲೆ ಬ್ಲ್ಯಾಂಕ್. ಒಳ್ಳೆಯ ಕ್ರಮ. ನಾವು ಅದನ್ನು ಒಂದು ದಿನವೂ ಮುರಿಯಲಿಲ್ಲ.

ಹಾಗೆ ವರ್ಷಗಳು ಹೋದವು. ಕರೆಂಟು ಹೋದಾಗ ಪಂಪು ನಿಂತು, ಪೆಟ್ಟಿಗೆಯನ್ನು ಮತ್ತೆ ಕಾಯಿಸಿ ಒಣಗಿಸುವುದಕ್ಕೇ ದಿನಗಳು ಹೋಗುತ್ತಿದ್ದವು. ಆದರೂ ಕೊನೆಗೆ ಒಂದು ಅಂಕಿ ಬಂತು. ಬೇರೆಯವರು ಹೇಳಿದ್ದಕ್ಕಿಂತ ನಮ್ಮದು ಸಾಕಷ್ಟು ದೊಡ್ಡದು. ಅಂದರೆ ಆ ನಾಲ್ಕನೆಯ ಹೆಜ್ಜೆ ಅವರೆಲ್ಲ ಅಂದುಕೊಂಡಷ್ಟು ನಿಧಾನವಲ್ಲ. ದಿನದಿನವೂ ಅದೇ ಅಂಕಿ, ಅಲುಗಾಡದಂತೆ. ಮೇಡಮ್ ಕೂಡ ಒಪ್ಪಿದರು. ಒಪ್ಪಿದರು ಎಂದರೆ, "ಇದರಾಗ ತಪ್ಪು ಹುಡುಕೀನಿ, ಇನ್ನಾ ಸಿಕ್ಕಿಲ್ಲ" ಅಂದರು. ಅವರ ಬಾಯಲ್ಲಿ ಅದು ಬಹಳ ದೊಡ್ಡ ಮಾತು. ನಾನು ಪ್ರಬಂಧ ಬರೆದೆ, ಬೆರಳಚ್ಚು ಮಾಡಿಸಿದೆ. ಅಷ್ಟರಲ್ಲಿ ಕಾಯಂ ಹುದ್ದೆಗಳಿಗೆ ಅರ್ಜಿ ಕರೆದರು. ನನ್ನ ವಯಸ್ಸಿಗೆ ಅದೇ ಕೊನೆಯದು. ಪ್ರಬಂಧ ಆ ವಾರ ವಿಶ್ವವಿದ್ಯಾಲಯಕ್ಕೆ ಹೋದರೆ, ಅರ್ಜಿಯ ಗಡುವಿನೊಳಗೆ ಪದವಿ ಕೈಗೆ ಬರುವ ಹಾಗಿತ್ತು.

ಸುದ್ದಿ ಪ್ರಾಂಶುಪಾಲರಿಗೆ ಮುಟ್ಟಿತು. ಅವರು ಸನ್ಮಾನ ಇಟ್ಟುಕೊಂಡರು. "ಬಾಹ್ಯಾಕಾಶದ ರಹಸ್ಯ ಭೇದಿಸಿದ ನಮ್ಮ ನೆಲದ ಹೆಮ್ಮೆ" ಎಂದು ಗೇಟಿಗೆ ಬ್ಯಾನರು ಬಂತು. ಪ್ರಬಂಧಕ್ಕೆ ಸಹಿಯನ್ನೂ ಅಂದೇ ವೇದಿಕೆಯ ಮೇಲೆ ಹಾಕಿಸಿ ಫೋಟೊ ತೆಗೆಸುವುದೆಂದು ಅವರೇ ಗೊತ್ತುಮಾಡಿದರು. ನಾನು ಬೇಡ ಅನ್ನಲಿಲ್ಲ.

ಸನ್ಮಾನಕ್ಕೆ ಕೆಲವೇ ದಿನ ಇದ್ದಾಗ, ನಮ್ಮ ಗಾಡಿಯನ್ನು ವಾಡಿಯಲ್ಲೇ ನಿಲ್ಲಿಸಿದರು. ಮುಂದೆ ಸಿಮೆಂಟಿನ ಗೂಡ್ಸ್ ಗಾಡಿಯೊಂದು ಕೆಟ್ಟು ನಿಂತಿತ್ತು. ನಾವು ಸೇಡಂ ಮುಟ್ಟಿದಾಗ ವರಾಂಡದಲ್ಲಿ ಬುತ್ತಿಗಳು ಬಿಚ್ಚಿಕೊಂಡಿದ್ದವು. ಹೈಡ್ರೋಜನ್ ತೆರೆಯುವಂತಿರಲಿಲ್ಲ. ಅಮೋನಿಯಾ ತುಂಬಿ, ಸುಮ್ಮನೆ ಕೂರುವ ಬದಲು ಬ್ಲ್ಯಾಂಕ್ ಮೊದಲು ಮುಗಿಸಿದೆವು. ಕಾಲೇಜು ಬಿಟ್ಟು ವರಾಂಡ ಬರಿದಾದ ಮೇಲೆ ಹೈಡ್ರೋಜನ್ ಬಿಟ್ಟೆವು.

ನಾನು ಕಳೆಯುವ ಲೆಕ್ಕ ಮಾಡಿದೆ. ಸೊನ್ನೆಗಿಂತ ಕಡಿಮೆ ಬಂತು. ಇನ್ನೊಮ್ಮೆ ಮಾಡಿದೆ. ಅದೇ ಬಂತು. ಹೈಡ್ರೋಜನ್ ಇಲ್ಲದಾಗ ಹೆಚ್ಚು ಅಯಾನುಗಳು ಭಾರವಾಗಿದ್ದವು, ಇದ್ದಾಗ ಕಡಿಮೆ. ಅದನ್ನು ನಂಬುವುದಾದರೆ, ಹೈಡ್ರೋಜನ್ ಬಿಟ್ಟದ್ದಕ್ಕೆ ಅಯಾನುಗಳು ಕಿತ್ತುಕೊಂಡದ್ದನ್ನು ವಾಪಸು ಕೊಟ್ಟವು ಎಂದಾಗುತ್ತದೆ. ಅದು ಆಗುವ ಮಾತಲ್ಲ.

"ಇವತ್ತಿಂದು ಕೆಟ್ಟದರಿ ಮೇಡಮ್. ಗಡಿಬಿಡಿ ಆಯ್ತು. ಇದನ್ನ ಬಿಟ್ಟುಬಿಡಮು" ಅಂದೆ.

ಮೇಡಮ್ ಯಂತ್ರದ ಸ್ಟೀಲಿನ ಮೇಲೆ ಅಂಗೈ ಇಟ್ಟು ನಿಂತರು, ಜ್ವರ ನೋಡುವವರ ಹಾಗೆ. ಆಮೇಲೆ, "ಇವತ್ತಿಂದಲ್ಲ. ಇವತ್ತಿನತನ ಮಾಡಿದ್ದೆಲ್ಲಾ ಕೆಟ್ಟದ" ಅಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಓದುವವರಿಗೆ ಆಗಲೇ ಆಗಿರಬಹುದು. ಅಮೋನಿಯಾ ತುಂಬಿದ ಕೂಡಲೇ ಗೋಡೆಯಲ್ಲಿ ಅದು ಹೆಚ್ಚು ಇರುತ್ತದೆ. ಹೊತ್ತು ಏರಿದಂತೆ ಇಳಿಯುತ್ತದೆ. ನಾವು ಯಾವಾಗಲೂ ಹೆಚ್ಚಿರುವಾಗ ಹೈಡ್ರೋಜನ್ ಅಳೆದು, ಇಳಿದ ಮೇಲೆ ಬ್ಲ್ಯಾಂಕ್ ಅಳೆದಿದ್ದೆವು. ಕಳೆದಾಗ ಉಳಿಯುತ್ತಿದ್ದ ಫರಕು ಹೈಡ್ರೋಜನ್ನಿನದಾಗಿರಲಿಲ್ಲ. ಮುಂಜಾನೆಗೂ ಮಧ್ಯಾಹ್ನಕ್ಕೂ ಇದ್ದ ಫರಕು ಅದು. ದಿನದಿನವೂ ಒಂದೇ ಗಾಡಿ, ಒಂದೇ ಬುತ್ತಿಯ ಹೊತ್ತು, ಅದಕ್ಕೇ ದಿನದಿನವೂ ಒಂದೇ ಅಂಕಿ. ಅಲುಗಾಡದ ಅಂಕಿ ಎಂದು ನಾನು ಹೆಮ್ಮೆಪಟ್ಟದ್ದು ರೈಲ್ವೆಯ ವೇಳಾಪಟ್ಟಿಯನ್ನು.

ಒಂದು ಮೊಣಕಾಲಿಗೆ ಎಣ್ಣೆ ಹಚ್ಚಿ ಇನ್ನೊಂದನ್ನು ಬಿಟ್ಟು ನೋಡುತ್ತಿದ್ದ ಮೇಡಮ್ಮರಿಗೇ ಇದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆದರೆ ಅದು ಆ ಸಂಜೆ ಹೊಳೆಯಬೇಕಾಗಿರಲಿಲ್ಲ. ಒಂದು ತಿಂಗಳು ತಡೆದು ಹೊಳೆದಿದ್ದರೆ ಆಗುತ್ತಿತ್ತು.

"ಮೇಡಮ್," ಅಂದೆ, "ಪ್ರಬಂಧ ಈಗ ಕೊಟ್ಟುಬಿಡಮು. ಆಮ್ಯಾಲ ತಿದ್ದುಪಡಿ ಬರೀಬಹುದು. ಮಂದಿ ಹಂಗ ಮಾಡ್ತಾರ."

"ಸುಳ್ಳಂತ ಗೊತ್ತಾದ ಮ್ಯಾಲ ಸಹಿ ಹೆಂಗ ಹಾಕ್ಲಿ?"

"ಸುಳ್ಳಂತ ಗೊತ್ತಿಲ್ಲರಿ. ಒಂದ್ ದಿನದ್ದು ನೋಡಿ ಹೇಳ್ಲಿಕತ್ತೀರಿ. ಯಾವಾಗಲೂ ನೀವೇ ಅಂತೀರಿ, ಒಂದ್ ಸಲ ನೋಡಿ ಹೇಳಬ್ಯಾಡ ಅಂತ."

ಅವರು ನನ್ನನ್ನು ನೋಡಿದರು. "ಖರೆ. ಹಂಗಾರ ನಾಳೆನೂ ಉಲ್ಟಾ ಮಾಡಮು."

ಮರುದಿನವೂ ಅಮೋನಿಯಾ ತುಂಬಿ, ಬ್ಲ್ಯಾಂಕ್ ಮೊದಲು ಮಾಡಿದೆವು. ಮತ್ತೆ ಸೊನ್ನೆಗಿಂತ ಕೆಳಗೆ. ಅದರ ಮರುದಿನವೂ. ಅವರ ಮೇಲೆ ಅವರದೇ ಮಾತನ್ನು ಎಸೆದದ್ದರಿಂದ ನನಗೆ ಸಿಕ್ಕ ಲಾಭ ಇಷ್ಟೇ.

ಮೇಡಮ್ ಪ್ರಾಂಶುಪಾಲರ ಕೋಣೆಗೆ ಹೋಗಿ, ಸನ್ಮಾನ ಬೇಡ, ಅಂಕಿ ತಪ್ಪು ಅಂದರು. ನಾನೂ ಹಿಂದೆ ನಿಂತಿದ್ದೆ.

ಪ್ರಾಂಶುಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಮ್, ಪೆಂಡಾಲ್ ಹಾಕ್ಯಾರ. ಊಟಕ್ಕ ಹೇಳೀವಿ. ಮುಖಂಡರು ಬರ್ಲಿಕತ್ತಾರ. ಆಕಾಶದಾಗಿನ ಅಮೋನಿಯಾ ಸ್ವಲ್ಪ ಹೆಚ್ಚಾತು, ಸ್ವಲ್ಪ ಕಡಿಮಿ ಆಯ್ತು, ಸೇಡಂನಾಗ ಯಾರಿಗಿ ಏನ್ ತಕ್ಲೀಫ್ ಅದರಿ? ಬರ್ರಿ, ಶಾಲು ಹೊಚ್ಕೊಳ್ರಿ, ಎರಡು ಮಾತು ಆಡ್ರಿ."

ಮೇಡಮ್ ಬಂದರು. ಶಾಲು ಹೊದಿಸಿಕೊಂಡರು. ಎರಡು ಮಾತು ಆಡಿದರು.

ಚಿಂಚೋಳಿಯಿಂದ ಅಕ್ಕ, ತಮ್ಮ ಓಣಿಯ ಹೆಂಗಸರನ್ನೂ ತವರೂರಿನ ಹೆಂಗಸರನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಎಲ್ಲರೂ ಬಿಳಿ ಸೀರೆ. ಈ ಹುಡುಗಿ ಅಷ್ಟು ದೂರದ ಶಾಲೆಗೆ ಹೋಗಿ ಏನು ಮಾಡುತ್ತಾಳೆ ಎಂದು ಒಂದು ಕಾಲಕ್ಕೆ ಕೇಳಿದವರೂ ಅವರಲ್ಲಿದ್ದರು. ಮೇಡಮ್ ಮೈಕನ್ನು ಬಗ್ಗಿಸಿಕೊಂಡು, ನಾನು ಮೇಲೆ ಬರೆದದ್ದನ್ನೇ, ಇದಕ್ಕಿಂತ ಸರಳವಾಗಿ ಹೇಳಿದರು. ಗಾಡಿ, ಬುತ್ತಿ, ಮುಂಜಾನೆ, ಮಧ್ಯಾಹ್ನ. "ಹೊರಗ ಬ್ಯಾನರ್ ಮ್ಯಾಲ ಬರೆದಿದ್ದು ಆಗಿಲ್ಲ. ನಾನು ಯಾವ ರಹಸ್ಯನೂ ಭೇದಿಸಿಲ್ಲ. ನಮ್ಮ ಲೆಕ್ಕದಾಗ ತಪ್ಪಿತ್ತು. ತಪ್ಪು ಸಿಕ್ಕದ, ಅಷ್ಟೇ" ಅಂದು, ಶಾಲು ತೆಗೆದು ಮಡಚಿ ಪ್ರಾಂಶುಪಾಲರ ಮುಂದೆ ಹಿಡಿದರು.

ಪ್ರಾಂಶುಪಾಲರು ಮೈಕ್ ಆರಿಸದೆಯೇ, "ಇರ್ಲಿ ಇಟ್ಕೊಳ್ರಿ ಮೇಡಮ್" ಅಂದರು. ಸಭಾಂಗಣಕ್ಕೆಲ್ಲ ಕೇಳಿತು.

"ಇಷ್ಟ್ ವರ್ಷ ಪಾಠ ಹೇಳಿದ್ದಕ್ಕ ಅಂದ್ರ ಇಟ್ಕೋತೀನಿ. ಅಂಕಿಗಿ ಅಂದ್ರ ಬ್ಯಾಡ."

"ಪಾಠಕ್ಕೇ ಅನ್ಕೊಳ್ರಿ, ಪುಣ್ಯ ಬರ್ತದ ನಿಮಗ. ಕುಂದ್ರಿ ಈಗ."

ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಯಾವುದಕ್ಕೆ ಎಂದು ಅವರಿಗೂ ತಿಳಿದಿರಲಿಕ್ಕಿಲ್ಲ. ಅಕ್ಕ ಮಾತ್ರ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತು, "ಇಷ್ಟ್ ಮಂದಿನ ಕರ್ಕೊಂಡು ಬಂದೀನಿ. ವಾಪಸ್ ಹೋಗುವಾಗ ಇಡೀ ದಾರಿ ನನಗ ಕೇಳ್ತಾರ. ಏನ್ ಹೇಳ್ಲಿ? ಗಾಡಿ ತಪ್ಪಿತಂತ ಹೇಳ್ಲ್ಯಾ?" ಅಂದರು. ಅನ್ನ ಕಲಸುತ್ತಲೇ ಇದ್ದರು, ಉಣ್ಣಲಿಲ್ಲ.

ಪ್ರಬಂಧಕ್ಕೆ ಸಹಿ ಬೀಳಲಿಲ್ಲ. ಅರ್ಜಿಯ ಗಡುವು ಹೋಯಿತು. ನಾನು ಪ್ರಯೋಗಾಲಯಕ್ಕೆ ಹೋಗುವುದನ್ನು ಬಿಟ್ಟೆ. ಪಾಠ ಮಾಡಿ ಬರುತ್ತಿದ್ದೆ. ಗಾಡಿಯಲ್ಲಿ ಬೇರೆ ಡಬ್ಬಿ ಹತ್ತುತ್ತಿದ್ದೆ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಅವರು ನನ್ನನ್ನು ನೋಡಿ ತಲೆಯಾಡಿಸುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ. ಬಂದಿದ್ದರೆ ಜಗಳವಾದರೂ ಆಗುತ್ತಿತ್ತು. ಬೇಸಿಗೆಯ ರಜೆ ಹತ್ತಿರ ಬರುವವರೆಗೂ ಹೀಗೇ ನಡೆಯಿತು.

ಮತ್ತೆ ಯಾಕೆ ಹೋದೆ ಎಂದರೆ, ಇಷ್ಟು ವರ್ಷ ಕಳೆದ ಮೇಲೆ ಪದವಿಯನ್ನಾದರೂ ಬಿಡಬಾರದು ಎಂದು ಮನೆಯವರು ಹೇಳಿದರು. ಬೇರೆ ದೊಡ್ಡ ಕಾರಣವಿಲ್ಲ. ಬಾಗಿಲು ತೆರೆದಾಗ ಪಂಪು ಓಡುತ್ತಿತ್ತು. ಮೇಡಮ್ ಸ್ಟೂಲಿನ ಮೇಲೆ ಕುಳಿತಿದ್ದರು. ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಬಿಟ್ಟ ದಿನದಿಂದ ಅಂದಿನವರೆಗೆ ಅಳತೆಗಳಿದ್ದವು. ಎಲ್ಲವೂ ಬ್ಲ್ಯಾಂಕ್. ಮುಂಜಾನೆಯ ಬ್ಲ್ಯಾಂಕ್, ಮಧ್ಯಾಹ್ನದ ಬ್ಲ್ಯಾಂಕ್, ಸಂಜೆಯ ಬ್ಲ್ಯಾಂಕ್. ಒಂದರಲ್ಲೂ ಹೈಡ್ರೋಜನ್ ಇಲ್ಲ.

"ಇದೇನ್ರಿ ಮೇಡಮ್, ಬರೇ ಖಾಲಿವೇ ಮಾಡೀರಿ?"

"ಹೈಡ್ರೋಜನ್ ಬಿಡ್ಲಿಕ್ಕ ಇಬ್ಬರು ಬೇಕಲ್ಲ. ಒಬ್ಬಾಕಿಗಿ ಆಗೋದು ಇದೊಂದೇ ಇತ್ತು."

ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಬಾ ಎಂದು ಒಂದು ಮಾತು ಹೇಳಿ ಕಳಿಸಲಿಲ್ಲ. ಬೇರೆ ಯಾರನ್ನಾದರೂ ಹೊರಗೆ ನಿಲ್ಲಿಸಿಕೊಳ್ಳಲಿಲ್ಲ. ಏನೂ ಇಲ್ಲದ್ದನ್ನು ದಿನಾ ಬಂದು ಅಳೆಯುತ್ತ ಕುಳಿತಿದ್ದರು. ಇಂಥವರ ಮೇಲೆ ಹೇಗೆ ಸಿಟ್ಟು ಮಾಡುವುದು, ಹೇಗೆ ಮಾಡದಿರುವುದು? ನಾನು ಹೊರಗೆ ಹೋಗಿ ಸಿಲಿಂಡರಿನ ಬಳಿ ನಿಂತೆ.

ಆ ಬ್ಲ್ಯಾಂಕುಗಳಿಂದ ಗೋಡೆಯ ಅಮೋನಿಯಾ ಯಾವ ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂಬುದು ನಿಖರವಾಗಿ ತಿಳಿದಿತ್ತು. ಅದನ್ನು ಹಿಡಿದು, ಕ್ರಮವನ್ನು ಬದಲಿಸಿ ಬದಲಿಸಿ, ರಜೆಯ ಬರಿದಾದ ವರಾಂಡದಲ್ಲಿ ಎಲ್ಲವನ್ನೂ ಮತ್ತೆ ಅಳೆದೆವು. ಫರಕು ಕರಗಿ ಹೋಯಿತು. ಹೈಡ್ರೋಜನ್ನಿನ ಪಾಲು ನಮ್ಮ ಯಂತ್ರದ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಲಿಲ್ಲ. ನಾವು ಹೇಳಬಹುದಾದದ್ದು ಇಷ್ಟು: ಈ ಕ್ರಿಯೆ ಇದಕ್ಕಿಂತ ವೇಗವಾಗಿ ನಡೆಯುವುದಿಲ್ಲ. ಎಷ್ಟು ನಿಧಾನ ಎಂದು ಹೇಳಲು ನಮ್ಮಿಂದಾಗುವುದಿಲ್ಲ. ಬೇರೆಯವರು ಹಿಂದೆ ಅಳೆದ ಅಂಕಿ ನಮ್ಮ ಮಿತಿಯ ಒಳಗೇ ಇತ್ತು. ಅಂದರೆ ಅಷ್ಟು ವರ್ಷದ ಕೆಲಸದಿಂದ ನಾವು ಜಗತ್ತಿಗೆ ತಿಳಿಸಿದ್ದು, ಅವರು ಹೇಳಿದ್ದನ್ನು ತಪ್ಪೆನ್ನಲು ನಮ್ಮಲ್ಲಿ ಕಾರಣವಿಲ್ಲ ಎಂದು. ಶ್ರದ್ಧಾಂಜಲಿ ಸಭೆಯಲ್ಲಿ ಮಹಾಶೋಧ ಎಂಬಂತೆ ಹೊಗಳಿದ್ದು ಇದನ್ನೇ.

ಈ ಸಲ ಮೇಡಮ್ ಸಹಿ ಹಾಕಿದರು. ನಿವೃತ್ತಿಗೆ ಮೊದಲು ಅವರು ಹಾಕಿದ ಕೊನೆಯ ಸಹಿಗಳಲ್ಲಿ ಅದೊಂದು. ಕಲಬುರಗಿಯಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಬ್ಲ್ಯಾಂಕುಗಳ ಅಧ್ಯಾಯವನ್ನಷ್ಟೇ ಕೆದಕಿ ಕೇಳಿ, ಸಾಕು ಅಂದರು. ನನಗೆ ಪದವಿ ಬಂತು.

ಅಂದು ಸಂಜೆ ಕಲಬುರಗಿಯಿಂದ ವಾಪಸು ಬರುವಾಗ ಇಬ್ಬರೂ ಒಂದೇ ಡಬ್ಬಿಯಲ್ಲಿ ಎದುರುಬದುರು ಕುಳಿತಿದ್ದೆವು. ಕಾಯಂ ಹುದ್ದೆಗಳ ಆಯ್ಕೆ ಆಗಲೇ ಮುಗಿದಿತ್ತು. ನಮ್ಮ ಕಾಲೇಜಿಗೆ ಬೇರೊಬ್ಬರು ಬರುವವರಿದ್ದರು. ಅವರು ಬಂದರೆ ಅತಿಥಿಯ ತಾಸುಗಳೂ ನನಗೆ ಸಿಗುತ್ತವೆಯೋ ಇಲ್ಲವೋ ತಿಳಿದಿರಲಿಲ್ಲ. ಆ ವರ್ಷಗಳಲ್ಲಿ ಒಮ್ಮೆಯೂ ಅವರ ಮುಖಕ್ಕೆ ಅನ್ನದ ಮಾತನ್ನು ಆ ದಿನ ಅಂದೆ.

"ಡಾಕ್ಟರ್ ಆದೆ ಮೇಡಮ್. ನೌಕರಿ ಮಾತ್ರ ಹೋಯ್ತು."

ಅವರು ಏನು ಹೇಳಬಹುದು ಎಂದು ನನಗೆ ಗೊತ್ತಿತ್ತು. ಸುಳ್ಳಿಗೆ ಸಹಿ ಹಾಕಲಾಗುತ್ತಿರಲಿಲ್ಲ ಎನ್ನಬಹುದು. ಆ ಹುದ್ದೆ ನಿನಗೇ ಸಿಗುತ್ತಿತ್ತು ಎಂದು ಹೇಗೆ ಹೇಳುತ್ತೀ ಎಂದು ಕೇಳಬಹುದು. ಎರಡಕ್ಕೂ ನನ್ನ ಬಳಿ ಉತ್ತರವಿತ್ತು. ಬೇರೆ ಡಬ್ಬಿಯಲ್ಲಿ ಕುಳಿತು ಓಡಾಡಿದ ದಿನಗಳಲ್ಲಿ ತಯಾರು ಮಾಡಿಕೊಂಡ, ಚೂಪಾದ ಉತ್ತರಗಳು.

"ತಪ್ಪು ನಂದದ" ಅಂದರು ಮೇಡಮ್. "ಕ್ರಮ ಹಾಕಿದಾಕಿ ನಾನು. ಹೈಡ್ರೋಜನ್ ಮುಂಜಾನಿಗಿ ಇಟ್ಟಿದ್ದು ನಾನು. ಅಷ್ಟ್ ವರ್ಷ ಅದನ್ನ ನೋಡ್ಲಾರದೆ ಕುಂತಿದ್ದು ನಾನು. ನಿನ್ನ ನೌಕರಿ ಹೋಗಿದ್ದು ನನ್ನಿಂದ."

ನಾನು "ಆದ್ರ" ಎಂಬ ಮಾತಿಗೆ ಕಾದೆ. ಅದು ಬರಲಿಲ್ಲ. ಕಿಟಕಿಯಾಚೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ರಾಶಿಗಳು ಕಾಣತೊಡಗಿದವು. ಶಹಾಬಾದ್ ಬಂತು. ಅವರು ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲ ಸಲಾಕೆ ಹಿಡಿದು, ನಿಧಾನಕ್ಕೆ ಕೆಳಗಿಳಿದರು. ಕಿಟಕಿಯ ಬಳಿ ಬಂದು, "ವಾಡಿದಾಗ ಹುಷಾರಿಲೆ ಇಳಿ" ಅಂದರು.

ಗಾಡಿ ಬಿಟ್ಟಿತು. ನಾನು ಅಷ್ಟೂ ಉತ್ತರಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಎದುರಿನ ಖಾಲಿ ಸೀಟನ್ನು ದುರುಗುಟ್ಟಿ ನೋಡುತ್ತ ವಾಡಿಯವರೆಗೂ ಕುಳಿತಿದ್ದೆ. ಬಯ್ಯಲಿಕ್ಕೆ ಒಂದು ಮಾತನ್ನೂ ನನಗೆ ಉಳಿಸದೆ ಇಳಿದು ಹೋಗಿದ್ದರು.